ತೆರ ಕೊಟ್ಟು ತಂದ ಸೊಸೆ

ಗೌರೀಶನಿಗೆ ಹೆಣ್ಣು ನೋಡಲು ಶುರು ಮಾಡಿದಾಗ ಅವನ ತಲೆತುಂಬ ಕೂದಲಿತ್ತು. ಹೆಣ್ಣು ಗೊತ್ತಾಗುವ ಹೊತ್ತಿಗೆ ನೆತ್ತಿ ಕಾಣತೊಡಗಿತ್ತು. ನಡುವಿನ ವರ್ಷಗಳನ್ನು ಅವನ ತಾಯಿ ಮಂಗಲಾ ಊರುಗಳ ಹೆಸರಿನಲ್ಲೇ ನೆನಪಿಟ್ಟುಕೊಂಡಿದ್ದಳು. ತೇರದಾಳದ ಹುಡುಗಿ, ಹುಡುಗನಿಗೆ ಏನು ನೌಕರಿ ಎಂದು ಕೇಳಿ, ಮಗ್ಗ ಅಂದಕೂಡಲೆ ಚಹದ ತಾಟು ನೆಲಕ್ಕಿಟ್ಟು ಒಳಗೆ ಹೋಗಿದ್ದಳು. ಬೀಳಗಿಯವರು ಬಸ್ ಸ್ಟ್ಯಾಂಡಿನ ತನಕ ಬಂದು ಪ್ರೀತಿಯಿಂದ ಕಳಿಸಿಕೊಟ್ಟರು, ಆಮೇಲೆ ಫೋನ್ ಎತ್ತಲಿಲ್ಲ. ಜಮಖಂಡಿಯಲ್ಲಿ ಕಾರಕೂನರ ಮನೆಯಾಕೆ ಮಾತ್ರ ಮುಖಕ್ಕೇ ಹೇಳಿದ್ದಳು: "ತಪ್ಪು ತಿಳ್ಕೋಬ್ಯಾಡ್ರಿ. ಹಗಲೆಲ್ಲಾ ಆ ಖಟಖಟ ಸಪ್ಪಳ. ನಮ್ಮ ಹುಡುಗಿ ಅದರಾಗ ಹೆಂಗ ಬಾಳ್ವೆ ಮಾಡತಾಳ್ರಿ?"

ರಬಕವಿಯಲ್ಲಿ ಅವರದು ಹಳೇ ನೇಕಾರರ ಮನೆತನ. ಮುಂದೆ ಮನೆ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಪಾವರಲೂಮು. ಮಂಗಲಾನ ಗಂಡ ಪ್ರಭುಲಿಂಗ ಕೈಮಗ್ಗದ ಕಾಲದಿಂದ ಸೀರೆ ನೇಯುತ್ತ ಬಂದವನು. ಗೌರೀಶ ಕಾಲೇಜು ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ನಿಂತವನು. ಕುಡಿತವಿಲ್ಲ, ಇಸ್ಪೀಟಿಲ್ಲ, ಮಾತೂ ಕಡಿಮೆ. ಇಂಥ ಹುಡುಗನಿಗೇ ಹೆಣ್ಣಿಲ್ಲವೆಂದರೆ ಹೇಗೆ ಎಂದು ಮಂಗಲಾ ಒಳಗೊಳಗೇ ಕುದಿಯುತ್ತಿದ್ದಳು. ಓಣಿಯಲ್ಲಿ ಅವನಂಥವರು ಇನ್ನೂ ಬಹಳ ಜನ ಇದ್ದಾರೆಂಬುದು ಅವಳಿಗೆ ಸಮಾಧಾನವಾಗುತ್ತಿರಲಿಲ್ಲ.

ಅವಳ ಸಂಕಟಕ್ಕೆ ಇನ್ನೊಂದು ಬೇರು ಇತ್ತು. ಅವಳ ಲಗ್ನದಲ್ಲಿ ತಂದೆ ಮುದಕಪ್ಪ ವರದಕ್ಷಿಣೆಯ ಹುಂಡಾ ಎಂದು ಬಂಗಾರ ಕೊಟ್ಟಿದ್ದ, ಜೊತೆಗೆ ಒಂದು ಮಗ್ಗ. ಆ ಮಗ್ಗ ಹಳೆಯದೆಂದು ಅತ್ತೆ ಮರೆವ್ವ ಸಾಯುವ ತನಕ ಹೇಳಿದಳು. ಬೀಗರು ಬಂದರೆ ಹೇಳಿದಳು, ಎಳೆ ಕಡಿದರೆ ಹೇಳಿದಳು, ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಮಾತು ಹೇಗೋ ಸುತ್ತಿ ಆ ಮಗ್ಗಕ್ಕೇ ಬರುತ್ತಿತ್ತು. ಮುಂದೆ ಮಗಳು ನಂದಾಳನ್ನು ಮುಧೋಳದ ಸಾಲಿ ಮಾಸ್ತರನಿಗೆ ಕೊಡುವಾಗ ಬನಹಟ್ಟಿ ರಸ್ತೆಯ ಖಾಲಿ ಜಾಗ ಮಾರಬೇಕಾಯಿತು. ಅವತ್ತು ಕಾಗದಕ್ಕೆ ಸಹಿ ಹಾಕಿ ಬಂದ ಗಂಡನಿಗೆ ನೀರು ಕೊಡುತ್ತ ಮಂಗಲಾ ಅಂದಿದ್ದಳು, "ಇರಲಿ ಬಿಡ್ರಿ. ಗೌರೀಶನ ಲಗ್ನದಾಗ ನಮ್ಮ ಪಾಳಿ ಬರತೈತಿ."

ಆ ಪಾಳಿ ಬರಲೇ ಇಲ್ಲ.

ಬನಹಟ್ಟಿಯ ಸೀರೆ ವ್ಯಾಪಾರಿ ಶಿದ್ರಾಮಪ್ಪ ಒಂದು ದಿನ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ವಿಷಯ ತೆಗೆದ. ಅವನು ವ್ಯಾಪಾರಕ್ಕೆ ಸೇಲಂ ಕಡೆ ಹೋಗಿ ಬರುತ್ತಿದ್ದವನು.

"ಸೇಲಂ ಹತ್ತಿರ ಇಳಂಪಿಳ್ಳೈ ಅಂತ ಊರೈತಿ. ಅಲ್ಲಿ ನಮ್ಮ ಮಂದೀನೇ ಅದಾರ, ನೇಕಾರರು. ಯಾವ ಕಾಲಕ್ಕ ಹೋದರೋ ಏನೋ, ಮನ್ಯಾಗ ಇವತ್ತಿಗೂ ಕನ್ನಡಾನೇ ಮಾತಾಡ್ತಾರ. ಹೊರಗ ತಮಿಳು. ಒಂದು ಹುಡುಗಿ ಐತಿ, ಕೋಕಿಲವಾಣಿ ಅಂತ. ಅಪ್ಪ ಇಲ್ಲ. ಅಜ್ಜಿ ಸೌಡಮ್ಮ ಹೇಳಿದ್ದೇ ಮನ್ಯಾಗ ನಡೀತೈತಿ."

"ಮಗ್ಗದವರಿಗೆ ಕೊಡತಾರೇನು?" ಎಂದು ಮಂಗಲಾ ಕೇಳಿದಳು.

"ಮಗ್ಗದವರಿಗೇ ಕೊಡತೀನಿ ಅಂತಾಳ ಮುದುಕಿ. ಆದರ ಒಂದೈತಿ. ಹುಂಡಾ ಮಾತ್ರ ಎತ್ತಬ್ಯಾಡ್ರಿ. ಗಂಡಿನವರೇ ಕೊಡಬೇಕಂತ. ಪರಿಸ ಅಂತಾರ ಅದಕ್ಕ."

ಮಂಗಲಾ ಗಂಡನ ಮುಖ ನೋಡಿದಳು. ಪ್ರಭುಲಿಂಗ ಎಲೆಯ ತೊಟ್ಟು ಮುರಿಯುತ್ತ, "ನಮ್ಮಲ್ಲೂ ಹಿಂದಕ ತೆರಾ ಕೊಡತಿದ್ದರಲ್ಲ. ನಮ್ಮ ಅಜ್ಜಿ ತಂಗೆವ್ವಗ ತೆರಾ ಕೊಟ್ಟೇ ತಂದಿದ್ದರು. ಹೋಗಿ ಬರೂಣು," ಅಂದ. ಅವನಿಗೆ ಅದು ಅಷ್ಟು ಹಗುರವಾದ ಮಾತು. ಮಂಗಲಾನ ಎದೆಯಲ್ಲಿ ಮಾತ್ರ ಮುಳ್ಳು ಚುಚ್ಚಿದಂತಾಯಿತು. ಸೊಸೆಯಾಗಿ ಬಂದಾಗ ತವರಿನಿಂದ ಕೊಡಿಸಿದ್ದಳು, ಮಗಳನ್ನು ಕಳಿಸುವಾಗ ಕೊಟ್ಟಿದ್ದಳು, ಈಗ ಮಗನ ತಾಯಿಯಾಗಿಯೂ ಕೊಡುವವರ ಸಾಲಿನಲ್ಲೇ ನಿಲ್ಲಬೇಕು. ಅವಳು ಎದ್ದಳು. ಶೆಡ್ಡಿಗೆ ಹೋಗಿ ಉಂಕಿಯ ಹಾಸುನೂಲು ಸುತ್ತುತ್ತ ನಿಂತಳು.

ಇಳಂಪಿಳ್ಳೈಯ ಮನೆ ಅವರ ಮನೆಯಂತೆಯೇ ಇತ್ತು. ಓಣಿಯ ತುಂಬ ಮಗ್ಗದ ಸಪ್ಪಳ. ಸೌಡಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು, ಕಿವಿಯ ತೂತುಗಳು ಜೋತುಬಿದ್ದು ಹೆಗಲ ಹತ್ತಿರ ಬಂದಿದ್ದವು. ಅವಳ ಕನ್ನಡ ಮಂಗಲಾಗೆ ಒಮ್ಮೆಗೇ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕೇಳಿದ ಮೇಲೆ, ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದ ಕೆಲವು ಮಾತುಗಳು ಅದರಲ್ಲಿ ಇನ್ನೂ ಇರುವುದು ಗೊತ್ತಾಯಿತು.

"ನನ್ನ ಮದುವೆಗೆ ನನ್ನ ಮಾವ ಪರಿಸ ತಂದು ನನ್ನ ಅವ್ವನ ಮಡಿಲಿಗೆ ಹಾಕಿದ," ಎಂದು ಸೌಡಮ್ಮ ಹೇಳಿದಳು. "ಆಗ ಹೆಣ್ಣು ಅಂದ್ರೆ ಕೈ. ನೂಲು ಸುತ್ತೋ ಕೈ, ನೂಲಿಗೆ ಗಂಜಿ ಹಾಕೋ ಕೈ. ಮನೆಯಿಂದ ಆ ಕೈ ಕರಕೊಂಡು ಹೋಗೋನು ಬರಿಗೈಲಿ ಬರಬಾರದು ಅಂತ. ಆಮೇಲೆ ಗಂಡು ಹುಡುಗರು ಓದಿದ್ರು, ಮಿಲ್ಲಿಗೆ ಹೋದ್ರು, ಸರ್ಕಾರಿ ಕೆಲಸಕ್ಕೆ ಹೋದ್ರು. ತಿಂಗಳಿಗೊಮ್ಮೆ ಸಂಬಳ ಎಣಿಸೋನು ಬಂದ. ಅವನಿಗೇ ಬೆಲೆ ಬಂತು. ನನ್ನ ಹೆಣ್ಣುಮಕ್ಕಳ ಮದುವೆಗೆ ಬಂಗಾರ ಎಷ್ಟು ಪವನು, ಗಾಡಿ ಯಾವುದು ಅಂತ ಕೇಳಿದ್ರು. ಒಬ್ಬೊಬ್ಬಳಿಗೂ ಒಂದೊಂದು ಮಗ್ಗ ಮಾರಿದೆ. ದೊಡ್ಡೋಳನ್ನ ಅದೂ ಸಾಲದು ಅಂತ ವಾಪಸ್ ಕಳಿಸಿದ್ರು. ಇಲ್ಲೇ ಸತ್ತಳು, ಈ ಮನೇಲೇ."

ಸೌಡಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅದಕ್ಕೇ ಹೇಳಿದೀನಿ. ಕೋಕಿಲಾನ ಕೇಳ್ಕೊಂಡು ಬರೋರು ಕೊಟ್ಟು ಕೇಳಬೇಕು. ಎಷ್ಟು ಅಂತ ನಾನು ಹೇಳಲ್ಲ. ಮದುವೆ ಊಟಕ್ಕಾದ್ರೆ ಸಾಕು. ಆದ್ರೆ ತಟ್ಟೆ ಅತ್ತೆ ಆಗೋಳೇ ತಂದು ಅವಳವ್ವನ ಮಡಿಲಿಗೆ ಇಡಬೇಕು. ಬಗ್ಗಿ ಇಡಬೇಕು."

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಕಪ್ಪು ಬಣ್ಣ, ಅಗಲ ಹಣೆ. ಮಗ್ಗದ ಎಣ್ಣೆ ಬಳಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೌರೀಶನನ್ನು ನೇರವಾಗಿಯೇ ನೋಡುತ್ತಿದ್ದಳು. ಗೌರೀಶ ಅಪರೂಪಕ್ಕೆ ಬಾಯಿಬಿಟ್ಟು, "ನಿಮ್ಮಲ್ಲಿ ಅಂಚಿಗೆ ಎಷ್ಟು ಎಳಿ ಹಿಡೀತೀರಿ?" ಎಂದು ಕೇಳಿದ. ಅವಳು ನಕ್ಕಳು. ಅಲ್ಲಿಗೆ ಅವರಿಬ್ಬರದು ತೀರ್ಮಾನವಾಗಿತ್ತು.

ನಿಶ್ಚಯದ ದಿನ ಮಂಗಲಾ ತಟ್ಟೆ ಹಿಡಿದು ಬಗ್ಗಿದಳು. ಸೀರೆ, ತೆಂಗಿನಕಾಯಿ, ಹೂವು, ಹೂವಿನ ಕೆಳಗೆ ಹಣದ ಲಕೋಟೆ. ಕೋಕಿಲಾನ ತಾಯಿಯ ಮಡಿಲಿಗೆ ಅದನ್ನು ಇಡುವಾಗ ಸುತ್ತಲಿನ ಹೆಂಗಸರು ನಾಲಿಗೆ ಆಡಿಸಿ ಮಂಗಳದ ಕುಲವೆ ಕೂಗು ಹಾಕಿದರು. ಮಂಗಲಾಗೆ ಆ ಧ್ವನಿ ಹಂಗಿಸಿದಂತೆ ಕೇಳಿಸಿತು. ಯಾರೂ ಹಂಗಿಸಿರಲಿಲ್ಲ. ಕೋಕಿಲಾನ ತಾಯಿ ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದಳು. ಆದರೆ ಬಸ್ಸಿನಲ್ಲಿ ತಿರುಗಿ ಬರುವಾಗ ಮಂಗಲಾ ನೆನೆದದ್ದು ಆ ಕೈಗಳನ್ನಲ್ಲ, ತಾನು ಬಗ್ಗಿದ್ದನ್ನು.

ಸೊಸೆ ಮನೆಗೆ ಬಂದ ಮೇಲೆ ಆ ಮುಳ್ಳು ಮರೆತೇಹೋದಂತಿತ್ತು. ಕೋಕಿಲಾ ಕೆಲಸಕ್ಕೆ ಹಿಂಜರಿಯುವವಳಲ್ಲ, ಮಾತಿಗೂ ಅಲ್ಲ. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಒಡೆದು ಹಂಚಿನ ಮೇಲೆ ನಕಾಶೆಯಾಗುತ್ತಿತ್ತು. "ಅತ್ತೆ, ಇದು ಯಾವ ಜಿಲ್ಲೆ ಹೇಳಿ," ಎಂದು ಎತ್ತಿ ತೋರಿಸುತ್ತಿದ್ದಳು. ಮಂಗಲಾ ನಗುತ್ತ ಅವಳ ಕೈ ಹಿಡಿದು ತಿರುಗಿಸಲು ಕಲಿಸಿದಳು. ಶೆಡ್ಡಿನಲ್ಲಿ ಕೋಕಿಲಾ ಹಾಕಿಕೊಟ್ಟ ಹೊಸ ಅಂಚು ಸೊಲ್ಲಾಪುರದ ವ್ಯಾಪಾರಿಗೆ ಹಿಡಿಸಿ ಬೇಡಿಕೆ ಹೆಚ್ಚಾಯಿತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಸೊಸೆ ಪಡಸಾಲೆಯಲ್ಲಿ ಅಡ್ಡಾಗಿ ಹರಟೆ ಹೊಡೆಯುತ್ತಿದ್ದರು. ಮರೆವ್ವ ಆ ಹಳೇ ಮಗ್ಗದ ಬಗ್ಗೆ ಏನೇನು ಅಂದಿದ್ದಳೆಂದು ಮಂಗಲಾ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದಳು. ಕೋಕಿಲಾ ಎದ್ದು ಕುಳಿತು, "ನೀವು ತಿರುಗಿ ಏನೂ ಅನ್ನಲಿಲ್ವಾ?" ಎಂದು ಕೇಳಿದಳು. "ಏನಂತ ಅನಲಿ," ಅಂದಳು ಮಂಗಲಾ. ಅವತ್ತು ಸಂಜೆಯ ತನಕ ಕೋಕಿಲಾ ಅವಳ ಹಿಂದೆ ಮುಂದೆಯೇ ಸುಳಿದಾಡುತ್ತಿದ್ದಳು.

ಆದರೆ ಓಣಿಯ ಬಾಯಿ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಯಂಕವ್ವ ಹಿಟ್ಟಿನ ಗಿರಣಿಯಲ್ಲಿ ಎಲ್ಲರೆದುರು ಕೇಳಿದಳು, "ಮದರಾಸ ಕಡಿಂದ ಸೊಸಿ ತಂದೀರೆಲ್ಲ, ಎಷ್ಟು ಬಿತ್ತು ಮಂಗಲಕ್ಕ?" ಮೊದಮೊದಲು ಮಂಗಲಾ, "ನಮ್ಮ ಮಂದಿ ಪದ್ಧತಿ ಅದು," ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದಳು. ಕ್ರಮೇಣ ಹಾರಿಕೆಯ ಉತ್ತರ ಕೊಟ್ಟು ಜಾರಿಕೊಳ್ಳತೊಡಗಿದಳು. ಮನೆಗೆ ಬಂದು ಸೊಸೆಯ ಮುಖ ನೋಡಿದರೆ, ಏನೂ ಅರಿಯದ ಅವಳ ಮೇಲೇ ಸಣ್ಣಗೆ ಸಿಟ್ಟು ಬರುತ್ತಿತ್ತು. ಯಾಕೆಂದು ಕೇಳಿಕೊಳ್ಳುವ ಗೋಜಿಗೆ ಮಂಗಲಾ ಹೋಗಲಿಲ್ಲ.

ಎರಡನೆಯ ವರ್ಷದ ದೀಪಾವಳಿಯ ಮುಂದೆ ಕೆಲಸ ಏರಿತ್ತು. ಗೌರೀಶ ಸೀರೆ ಮುಟ್ಟಿಸಲು ಸೊಲ್ಲಾಪುರಕ್ಕೆ ಹೋಗಿದ್ದ. ಆ ಮುಂಜಾನೆ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ನೂಲಿನ ಕಂಡಿಕೆ ಸುತ್ತುವ ಯಲ್ಲವ್ವ, ಇನ್ನಿಬ್ಬರು ಕೂಲಿ ನೇಕಾರರು ಶೆಡ್ಡಿನ ಬಾಗಿಲಲ್ಲಿ ಕುಳಿತಿದ್ದರು. ಯಂಕವ್ವ ಮಜ್ಜಿಗೆ ಕೇಳಲು ಬಂದವಳು ಅಲ್ಲೇ ನಿಂತಿದ್ದಳು. ಕೋಕಿಲಾ ಫೋನ್ ಹಿಡಿದುಕೊಂಡು ಒಳಗಿನಿಂದ ಬಂದಳು. ಮುಖ ಬಾಡಿತ್ತು.

"ಅತ್ತೆ, ಅಜ್ಜಿ ಬಿದ್ದಿದಾರಂತೆ. ಊಟ ಬಿಟ್ಟಿದಾರೆ. ನನ್ನ ಹೆಸರು ಹೇಳ್ತಾ ಇದಾರಂತೆ. ನಾನು ಇವತ್ತಿನ ಬಸ್ಸಿಗೇ ಹೋಗ್ತೀನಿ."

ಅವಳು ಕೇಳಲಿಲ್ಲ, ಹೇಳಿದಳು. ಮಂಗಲಾಗೆ ಮೊದಲು ತಟ್ಟಿದ್ದೇ ಅದು.

"ಗೌರೀಶ ಬರಲಿ. ಕೆಲಸ ಎಷ್ಟೈತಿ ನೋಡೀಯಲ್ಲ. ಹಬ್ಬ ಮುಗಿಸಿ ಹೋಗುವಂತಿ."

"ಹಬ್ಬದ ತನಕ ಇರ್ತಾರೋ ಇಲ್ವೋ ಅತ್ತೆ. ಅವರಿಗೆ ಫೋನ್ ಮಾಡಿ ಹೇಳ್ತೀನಿ. ಬಸ್ಸು ನನಗೆ ಗೊತ್ತಲ್ಲ, ಒಬ್ಬಳೇ ಹೋಗ್ತೀನಿ."

ಯಂಕವ್ವ ಚೊಂಬು ಕೈ ಬದಲಿಸುತ್ತ, "ಒಬ್ಬಾಕಿನ್ನ ಕಳಸಬ್ಯಾಡ್ರಿ ಮಂಗಲಕ್ಕ. ದುಡ್ಡು ಕೊಟ್ಟು ತಂದ ಹುಡುಗ್ಯಾರು ಹಿಂಗ ಹೋದವರು ತಿರುಗಿ ಬರಂಗಿಲ್ಲಂತ. ಅಲ್ಲೆ ಬೀಳಗಿ ಕಡೆ ಆಗೇತಲ್ಲ," ಅಂದಳು.

ಆ ಮಾತಿಗೆ ಮಂಗಲಾಗೆ ಭಯವಾಯಿತು. ಹೋದವಳು ಬರದಿದ್ದರೆ? ಈ ಹೆಂಗಸಿನೆದುರು, ಈ ಓಣಿಯೆದುರು ನಿಲ್ಲುವುದು ಹೇಗೆ? ಕೋಕಿಲಾ ಆಗಲೇ ಒಳಗೆ ಹೋಗಲು ತಿರುಗಿದ್ದಳು. ಅವಳ ಬೆನ್ನಿಗೆ ಮಂಗಲಾ ಅಂದಳು:

"ತೆರಾ ಕೊಟ್ಟು ತಂದೇವಿ ನಿನ್ನ. ನೀ ಹೋಗತೀನಿ ಅಂದಾಗೊಮ್ಮೆ ಕಳಸಾಕ ಅಲ್ಲ."

ಮಗ್ಗ ನಡೆಯುತ್ತಿದ್ದರೆ ಆ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಯಲ್ಲವ್ವ ತಲೆ ತಗ್ಗಿಸಿದಳು. ಒಳಗೆ ಎಳೆ ಗಂಟು ಹಾಕುತ್ತಿದ್ದ ಪ್ರಭುಲಿಂಗ, "ಏ ಮಂಗಲಾ," ಎಂದು ಎದ್ದು ಬಂದ. ಕೋಕಿಲಾ ತಿರುಗಿ ಅತ್ತೆಯನ್ನು ನೋಡಿದಳು. ಅಳಲಿಲ್ಲ, ವಾದಿಸಲಿಲ್ಲ. "ಸರಿ ಅತ್ತೆ," ಎಂದಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಅವಳು ತನ್ನ ಮಗ್ಗದ ಮುಂದೆ ಹೋಗಿ ನಿಂತಳು.

ಆಗಲೂ ವೇಳೆಯಿತ್ತು. ಸಂಜೆಯ ಬಸ್ಸು ಹೋಗುವ ತನಕ ಮಂಗಲಾ ಶೆಡ್ಡಿನ ಬಾಗಿಲಿಗೆ ಬಂದು ಬಂದು ನಿಂತಳು. ಹೋಗು ಅಂದುಬಿಡಬೇಕು ಅನ್ನಿಸಿತು. ಆಳುಗಳ ಎದುರು ಹೇಗೆ ಅನ್ನುವುದು ಎಂದು ಹಿಂದೆ ಸರಿದಳು. ಅಡುಗೆಮನೆಗೆ ಬಂದಾಗ ಹೇಳಿದರಾಯಿತು ಅಂದುಕೊಂಡಳು. ಅವತ್ತು ಕೋಕಿಲಾ ಅಡುಗೆಮನೆಗೆ ಬರಲಿಲ್ಲ.

ಮರುದಿನ ಬಂದ ಗೌರೀಶನಿಗೆ ಅಜ್ಜಿಗೆ ಆರಾಮಿಲ್ಲ ಎಂದಷ್ಟೇ ಕೋಕಿಲಾ ಹೇಳಿದಳು. ಅವನು ಆಗಲೇ ಅವಳನ್ನು ಕರೆದುಕೊಂಡು ಹೊರಟ. ಅವರು ಬೆಂಗಳೂರಿನಲ್ಲಿ ಬಸ್ಸು ಬದಲಿಸುತ್ತಿರುವಾಗ ಸೌಡಮ್ಮ ಹೋದ ಸುದ್ದಿ ಬಂತು. ಗೌರೀಶ ಅಪ್ಪನಿಗೆ ಫೋನ್ ಮಾಡಿ ಹೇಳಿದ. ಪ್ರಭುಲಿಂಗ ಫೋನ್ ಇಟ್ಟು, ಹೆಂಡತಿಗೆ ಸುದ್ದಿ ಹೇಳಿ, ಉಣ್ಣದೆ ಎದ್ದ. ಬೈದಿದ್ದರೆ ಮಂಗಲಾಗೆ ಹಗುರಾಗುತ್ತಿತ್ತು.

ದಿನಕರ್ಮಕ್ಕೆ ಮಂಗಲಾ ಶಿದ್ರಾಮಪ್ಪನ ಜೊತೆ ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಮಾತು ಅಂದದ್ದು ನಾಲ್ಕು ಜನರೆದುರು, ಆದ್ದರಿಂದ ಕ್ಷಮೆ ಕೇಳುವುದೂ ನಾಲ್ಕು ಜನರೆದುರೇ ಆಗಬೇಕು ಎಂದು ಗಟ್ಟಿ ಮಾಡಿಕೊಂಡಳು. ಆ ಮನೆಯಲ್ಲಿ ಊಟವಾಗಿ ಹೆಂಗಸರು ಕುಳಿತಿದ್ದಾಗ ಎದ್ದು ನಿಂತಳು.

"ನಾ ನಿಮ್ಮ ಮಗಳಿಗೆ ಅನಬಾರದ ಮಾತು ಅಂದೆ," ಎಂದು ಕೋಕಿಲಾನ ತಾಯಿಗೆ ಹೇಳಿದಳು. "ತೆರಾ ಕೊಟ್ಟು ತಂದೇವಿ ಅಂದೆ. ಆಕಿ ಬರೂದು ತಡಾ ಆಗಿದ್ದು ನನ್ನ ಸಲುವಾಗಿ. ತಪ್ಪಾತು ನಂದು."

ಕೋಕಿಲಾನ ತಾಯಿಗೆ ಆ ಮಾತು ಹೊಸದು. ಮಗಳು ಅವಳಿಗೂ ಹೇಳಿರಲಿಲ್ಲ. ಆಕೆ ಮಗಳನ್ನೊಮ್ಮೆ, ಬೀಗಿತಿಯನ್ನೊಮ್ಮೆ ನೋಡಿದಳು. "ಇವಳ ಅಜ್ಜಿ ಬಾಗಿಲ ಕಡೆಗೇ ಮುಖ ಮಾಡಿ ಮಲಗಿಸು ಅಂದ್ರು," ಎಂದಷ್ಟೇ ಹೇಳಿ ಎಲೆ ಎತ್ತಲು ಹೋದಳು.

ಕೋಕಿಲಾ ಅತ್ತೆಯನ್ನು ಹಿತ್ತಲಿಗೆ ಕರೆದಳು. ಅಲ್ಲಿ ಬಾವಿಕಟ್ಟೆಯ ಪಕ್ಕ ನೂಲು ಒಣಹಾಕಿದ್ದರು.

"ಕೋಪದಲ್ಲಿ ಅಂದ್ರು, ಬಿಟ್ಟುಬಿಡು ಅಂತ ನಿಮ್ಮ ಮಗನೂ ಹೇಳ್ತಾರೆ, ಮಾವನೂ ಫೋನಲ್ಲಿ ಹೇಳಿದ್ರು," ಎಂದಳು. "ಕೋಪದಲ್ಲಿ ಹುಟ್ಟಿದ ಮಾತಾಗಿದ್ರೆ ನಾನು ಬಿಟ್ಟುಬಿಡ್ತಿದ್ದೆ ಅತ್ತೆ. ಆದ್ರೆ ಅದು ನಿಮ್ಮ ಮನಸಲ್ಲಿ ಮೊದಲಿಂದ ಇತ್ತು. ರೊಟ್ಟಿ ಕಲಿಸುವಾಗಲೂ ಇತ್ತು. ನಿಮ್ಮತ್ತೆ ನಿಮಗೆ ಅಂದಿದ್ದನ್ನ ನನ್ನ ಹತ್ರ ಹೇಳುವಾಗಲೂ ಇತ್ತು. ಅದು ನನಗೆ ಗೊತ್ತಿರಲಿಲ್ಲ ನೋಡಿ."

ಇಲ್ಲ ಎನ್ನಲು ಮಂಗಲಾ ಬಾಯಿ ತೆರೆದಳು. ಸುಳ್ಳು ನಾಲಿಗೆಗೆ ಬರಲಿಲ್ಲ. ತಾನೂ ಮರೆವ್ವನೂ ಬೇರೆ ಬೇರೆ ಎಂದು ಅವಳು ಅಷ್ಟು ವರ್ಷ ತಿಳಿದಿದ್ದಳು. ತವರಿನಿಂದ ಕಡಿಮೆ ತಂದಳೆಂದು ಅವಳು ಅನ್ನಿಸಿಕೊಂಡಿದ್ದಳು. ಈ ಹುಡುಗಿಗಾಗಿ ತಾವೇ ಕೊಟ್ಟೆವೆಂದು ಅಂದಳು. ಎರಡು ಕಡೆಯೂ ಬಾಯಿ ಮುಚ್ಚಿಕೊಂಡು ನಿಂತವಳು ಸೊಸೆಯೇ.

"ನೀನು ಬರೂದಿಲ್ಲೇನು?" ಎಂದು ಕೊನೆಗೆ ಕೇಳಿದಳು.

"ಬರ್ತೀನಿ. ನಿಮ್ಮ ಮಗನ್ನ ಬಿಟ್ಟಿರೋಕೆ ನನಗಾಗಲ್ಲ. ಆದ್ರೆ ಆ ಮನೆಗೆ ಅಲ್ಲ."

ತಿಂಗಳ ಮೇಲೆ ಅವರಿಬ್ಬರೂ ಬಂದರು. ಬನಹಟ್ಟಿಯಲ್ಲಿ ಬಾಡಿಗೆ ಮನೆ ಮಾಡಿದರು. ಗೌರೀಶ ದಿನಾ ಮುಂಜಾನೆ ಅಪ್ಪನ ಶೆಡ್ಡಿಗೆ ಬರುತ್ತಿದ್ದ, ಮೊದಲಿನಂತೆಯೇ ಕಡಿಮೆ ಮಾತಾಡುತ್ತಿದ್ದ. ಆದರೆ ಊಟಕ್ಕೆ ನಿಲ್ಲುತ್ತಿರಲಿಲ್ಲ. ಕೋಕಿಲಾ ಅಲ್ಲೇ ಒಬ್ಬ ಸೀರೆ ತಯಾರಕರಲ್ಲಿ ಅಂಚಿನ ವಿನ್ಯಾಸ ಹಾಕುವ ಕೆಲಸಕ್ಕೆ ಸೇರಿದಳು. ಅವಳು ರಬಕವಿಗೆ ಬರುವುದನ್ನು ಬಿಡಲಿಲ್ಲ. ಹಬ್ಬಕ್ಕೆ ಬಂದು ಹೋಳಿಗೆ ಮಾಡಿ ಹೋಗುತ್ತಿದ್ದಳು. ಮಾವನಿಗೆ ಜ್ವರ ಬಂದಾಗ ಹಗಲೆಲ್ಲ ಕುಳಿತು ಹೋದಳು. ಈಗ ಅವಳ ರೊಟ್ಟಿ ದುಂಡಗೆ ಬರುತ್ತಿತ್ತು, ಒಂದೂ ಒಡೆಯುತ್ತಿರಲಿಲ್ಲ. ಅತ್ತೆಯೊಡನೆ ಏನು ಮಾತಾಡಬೇಕೋ ಅಷ್ಟು ಮಾತಾಡುತ್ತಿದ್ದಳು. ಯಾರಾದರೂ ನೋಡಿದರೆ, ಇಂಥ ಸೊಸೆ ಸಿಗಬೇಕು ಅನ್ನುವಂತಿತ್ತು. ಯಂಕವ್ವ ಅಂದೂಬಿಟ್ಟಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಮಂಗಲಾ ಬಹಳ ಪ್ರಯತ್ನಪಟ್ಟಿದ್ದಳು. ಆದರೆ ತೆರದ ಮಾತು ಆಡಿದ ಬಾಯಿ ತನ್ನದೇ ಆಗಿತ್ತು.

ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾದರೆ ನಿದ್ದೆ ಹತ್ತುತ್ತಿರಲಿಲ್ಲ. ಶೆಡ್ಡಿನ ಸಪ್ಪಳ ಎಂದಿನಂತೆ ಕೇಳುತ್ತಿತ್ತು. ಅವಳು ಎದ್ದು ಕುಳಿತು, ಹೇಳುವುದೇನೋ ಇದೆ ಎಂಬಂತೆ ಕೋಕಿಲಾ ಅಡ್ಡಾಗುತ್ತಿದ್ದ ಬದಿಗೆ ನೋಡುತ್ತಿದ್ದಳು.

ಈ ಸಲ ಬೇಸಿಗೆಯ ಆರಂಭದಲ್ಲಿ ಮಂಗಲಾನ ಕಣ್ಣಿಗೆ ಪೊರೆ ಬಂದಿದೆಯೆಂದು ಜಮಖಂಡಿಯ ದವಾಖಾನೆಗೆ ತೋರಿಸಲು ಕರೆದೊಯ್ದವಳು ಕೋಕಿಲಾನೇ. ಚೀಟಿ ಮಾಡಿಸಿದಳು, ಔಷಧ ಬಿಡಿಸಿದಳು, ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ಬನಹಟ್ಟಿ ಬಸ್ಸಿಗೆ ಕಾಯುತ್ತ ಇಬ್ಬರೂ ಬೆಂಚಿನ ಮೇಲೆ ಕುಳಿತರು. ಔಷಧ ಬಿಟ್ಟ ಕಣ್ಣಿಗೆ ಎಲ್ಲವೂ ಮಸುಕಾಗಿತ್ತು. ಸೊಸೆಯ ಮುಖ ಕಾಣದ ಆ ಹೊತ್ತಿನಲ್ಲಿ ಮಂಗಲಾಗೆ ಸ್ವಲ್ಪ ಧೈರ್ಯ ಬಂತು.

"ನಿಮ್ಮ ಅವ್ವಗ ಭೆಟ್ಟಿಯಾಗಿ ಬಾಳ ದಿನಾ ಆತಲ್ಲ," ಎಂದಳು. "ಹೋಗಿ ಬಾರವಾ. ಎಷ್ಟು ದಿನಾ ಬೇಕಾದರೂ ಇದ್ದು ಬಾ."

"ಹೂಂ ಅತ್ತೆ," ಎಂದಳು ಕೋಕಿಲಾ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಇರಾದೆಯೂ ಇರಲಿಲ್ಲ. "ಮೊನ್ನೆನೇ ಟಿಕೆಟ್ ತೆಗೆಸಿದೀನಿ. ಸೋಮವಾರ ಹೊರಡ್ತೀನಿ."

ಮಂಗಲಾ ತಲೆಯಾಡಿಸಿದಳು. ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಕೇಳಬೇಕೆನಿಸಿತು. ಕೇಳುವ ಹಕ್ಕು ತನಗಿದೆಯೋ ಇಲ್ಲವೋ ಎಂದು ಯೋಚಿಸುತ್ತಿರುವಾಗಲೇ ಬನಹಟ್ಟಿ ಬಸ್ಸು ಬಂತು. ಕೋಕಿಲಾ ಚೀಲ ಹೆಗಲಿಗೇರಿಸಿ, ಅವಳ ರಟ್ಟೆ ಹಿಡಿದು, "ನಿಧಾನ ಅತ್ತೆ, ಮೆಟ್ಟಿಲಿದೆ," ಎಂದು ಹತ್ತಿಸಿದಳು.